ಜಾಣಕುರುಡು ಮತ್ತು ಸನ್ನದು: ಬಾರಿನೊಳಗೆ ನಡೆಯುವ ಮಾದಕ ವಸ್ತು ಮಾರಾಟಕ್ಕೆ ಮಾಲೀಕನ ಹೊಣೆ

ಮದ್ಯದ ಸನ್ನದು ಷರತ್ತುಗಳ ಮೇಲೆ ಕೊಟ್ಟ ಕಾಗದ. ಅದನ್ನು ಪಡೆದವನು ಮದ್ಯ ಮಾರಬಹುದು; ಮಾರುವ ಜಾಗವನ್ನು ಕಾನೂನಿನ ಹದ್ದಿನೊಳಗೆ ಇಟ್ಟುಕೊಳ್ಳುವ ಹೊಣೆಯೂ ಅದೇ ಕಾಗದದೊಡನೆ ಅವನ ಹೆಗಲೇರುತ್ತದೆ. ಬಾರಿನ ಮೂಲೆಯ ಮೇಜಿನಲ್ಲೋ, ಶೌಚಾಲಯದಲ್ಲೋ, ಗಾಡಿ ನಿಲ್ಲಿಸುವ ಹಿತ್ತಲಲ್ಲೋ ಕೊಕೇನ್ ಪೊಟ್ಟಣವೊಂದು ಕೈಯಿಂದ ಕೈಗೆ ಹೋದಾಗ ಮಾರಿದವನನ್ನು ಹಿಡಿದು ಮೊಕದ್ದಮೆ ಹೂಡುವುದು ಪೊಲೀಸರ ಕೆಲಸ. ಆ ಬಾರಿನ ಸನ್ನದನ್ನು ಏನು ಮಾಡಬೇಕೆಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಬೇರೆಯೇ ಕಾನೂನು, ಬೇರೆಯೇ ವಿಚಾರಣೆ, ಬೇರೆಯೇ ಅಳತೆಗೋಲು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ದಶಕಗಳ ಕಾಲ ಹಿಡಿದು ಜಾಲಾಡಿರುವುದರಿಂದ ವಿಷಯದ ತಿರುಳು ಅಲ್ಲಿ ಚೆನ್ನಾಗಿ ಕಾಣಸಿಗುತ್ತದೆ.

1933ರಲ್ಲಿ ಅಮೆರಿಕದ ಪಾನನಿಷೇಧ ಕೊನೆಗೊಂಡ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮದ್ಯದ ಸನ್ನದುಗಳನ್ನು ಕೊಡುತ್ತಿದ್ದುದು ತೆರಿಗೆ ವಸೂಲಿಯ ಮಂಡಳಿ. ಸನ್ನದು ಹಂಚಿಕೆಯಲ್ಲಿ ಲಂಚದ ಹಗರಣಗಳು ಹೊರಬಿದ್ದವು. 1954ರಲ್ಲಿ ಮತದಾರರು ರಾಜ್ಯದ ಸಂವಿಧಾನವನ್ನೇ ತಿದ್ದಿ ಆ ಅಧಿಕಾರವನ್ನು ಮಂಡಳಿಯಿಂದ ಕಿತ್ತುಕೊಂಡರು. 1955ರ ಜನವರಿ 1ರಿಂದ ಮದ್ಯ ನಿಯಂತ್ರಣಕ್ಕೆಂದೇ ಪ್ರತ್ಯೇಕ ಇಲಾಖೆ ಕೆಲಸ ಆರಂಭಿಸಿತು. ಸಂವಿಧಾನದ 20ನೆಯ ವಿಧಿಯ 22ನೆಯ ಪ್ರಕರಣದ ಪ್ರಕಾರ ಸನ್ನದು ಮುಂದುವರಿಯುವುದು ಸಾರ್ವಜನಿಕ ಹಿತಕ್ಕೆ ಅಥವಾ ನೀತಿಗೆ ವಿರುದ್ಧವೆಂದು ಕಂಡರೆ, ತಕ್ಕ ಕಾರಣ ತೋರಿಸಿ, ಇಲಾಖೆ ಅದನ್ನು ಅಮಾನತಿನಲ್ಲಿಡಬಹುದು ಅಥವಾ ರದ್ದುಮಾಡಬಹುದು. ‘ತಕ್ಕ ಕಾರಣ’ ಎಂಬ ಮಾತನ್ನು ಮರೆಯುವಂತಿಲ್ಲ. ಮುಂದಿನ ವ್ಯಾಜ್ಯಗಳೆಲ್ಲ ಅದರ ಸುತ್ತಲೇ ಸುತ್ತಿವೆ.

ಮಾದಕ ವಸ್ತುವಿನ ಪ್ರಕರಣದಲ್ಲಿ ಇಲಾಖೆಗೆ ಎರಡು ದಾರಿಗಳಿವೆ. ಮೊದಲನೆಯದು ರಾಜ್ಯದ ವ್ಯಾಪಾರ ಮತ್ತು ವೃತ್ತಿ ಸಂಹಿತೆಯ 24200ನೆಯ ಕಲಮು. ಅದು ಸಾರ್ವಜನಿಕ ಹಿತದ ವಿಶಾಲ ಆಧಾರವನ್ನು ಕೊಡುತ್ತದೆ. ಶಿಕ್ಷೆ ಎಷ್ಟಿರಬೇಕೆಂಬುದು ಅಲ್ಲಿ ಇಲಾಖೆಯ ವಿವೇಚನೆಗೆ ಬಿಟ್ಟದ್ದು. ಎರಡನೆಯದು 24200.5ನೆಯ ಕಲಮು, ಅದರ ಭಾಷೆ ಬಿಗಿ. ಸನ್ನದುದಾರ ತನ್ನ ಜಾಗದಲ್ಲಿ ಮಾದಕ ವಸ್ತುವಿನ ಅಕ್ರಮ ಮಾರಾಟಕ್ಕೆ ತಿಳಿದೂ ಆಸ್ಪದ ಕೊಟ್ಟಿದ್ದರೆ ಇಲಾಖೆ ಸನ್ನದನ್ನು ರದ್ದುಮಾಡಲೇಬೇಕು. ಮಾಲು ಕೈಸೇರಿರಬೇಕೆಂದೂ ಇಲ್ಲ. ಮಾರಾಟದ ಮಾತುಕತೆ ನಡೆದಿದ್ದರೆ ಸಾಕು. ಇಂಥ ಮಾರಾಟ ಅಥವಾ ಮಾತುಕತೆ ಸ್ವಲ್ಪ ಕಾಲ ಎಡೆಬಿಡದೆ ಒಂದರ ಹಿಂದೊಂದು ನಡೆದಿದ್ದರೆ, ಅದನ್ನೇ ಮಾಲೀಕ ಆಸ್ಪದ ಕೊಟ್ಟದ್ದಕ್ಕೆ ಸಾಕ್ಷ್ಯವೆಂದು ಕಾನೂನು ಹಿಡಿಯುತ್ತದೆ.

‘ಆಸ್ಪದ’ ಎಂಬ ಕನ್ನಡ ಪದ ಇಲ್ಲಿ ಸರಿಯಾಗಿ ಕೂರುತ್ತದೆ. ‘ಅನುಮತಿ’ ಎಂದರೆ ಒಬ್ಬರು ಕೇಳಿದ್ದು, ಇನ್ನೊಬ್ಬರು ಹೂಂ ಎಂದದ್ದು. ಆಸ್ಪದ ಕೊಡಲು ಬಾಯಿ ತೆರೆಯಬೇಕಾಗಿಲ್ಲ. ತಡೆಯಬಹುದಾದದ್ದನ್ನು ತಡೆಯದೆ ಬಿಟ್ಟರೂ ಆಸ್ಪದ ಕೊಟ್ಟಂತೆಯೇ. ಯಾವ ಬಾರ್ ಮಾಲೀಕನೂ ಮಾರಾಟಗಾರನಿಗೆ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿರುವುದಿಲ್ಲ. ಶೌಚಾಲಯಕ್ಕೆ ಐದು ನಿಮಿಷಕ್ಕೊಮ್ಮೆ ಹೋಗಿಬರುವವನನ್ನು, ಕುಡಿಯದೆ ಗಂಟೆಗಟ್ಟಲೆ ಒಂದೇ ಮೇಜು ಹಿಡಿದು ಕೂರುವವನನ್ನು, ಅವನ ಬಳಿ ಒಬ್ಬೊಬ್ಬರಾಗಿ ಬಂದು ಹೋಗುವವರನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ನೋಡುತ್ತಲೇ ಇರುತ್ತಾನೆ. ನೋಡಿಯೂ ನೋಡದಂತಿರುವುದಕ್ಕೆ ಕನ್ನಡದಲ್ಲಿ ಜಾಣಕುರುಡು ಎನ್ನುತ್ತಾರೆ. ಸನ್ನದಿನ ಕಾನೂನು ಹಿಡಿಯಹೊರಟಿರುವುದು ಈ ಜಾಣಕುರುಡನ್ನು. ಕಷ್ಟವೆಂದರೆ ಅದನ್ನು ನಿಜವಾದ ಅಜ್ಞಾನದಿಂದ ಬೇರ್ಪಡಿಸುವುದು. ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ.

ಪ್ರಕರಣ ಸಾಮಾನ್ಯವಾಗಿ ಮಫ್ತಿಯಲ್ಲಿ ಬಂದ ಅಧಿಕಾರಿಯಿಂದ ಶುರುವಾಗುತ್ತದೆ. ಅವನು ಗಿರಾಕಿಯಂತೆ ಬಂದು, ಪರಿಚಯ ಬೆಳೆಸಿ, ಒಂದಕ್ಕಿಂತ ಹೆಚ್ಚು ಸಲ ಮಾಲು ಕೊಂಡು, ಪ್ರಯೋಗಾಲಯದ ವರದಿಯನ್ನು ಕಡತಕ್ಕೆ ಸೇರಿಸುತ್ತಾನೆ. ಕಡತದಲ್ಲಿ ಮುಖ್ಯವಾಗಬೇಕಾದದ್ದು ಪೊಟ್ಟಣದ ತೂಕಕ್ಕಿಂತ ಸುತ್ತಲಿನ ವಿವರ: ವ್ಯವಹಾರ ಕೌಂಟರಿನಿಂದ ಎಷ್ಟು ದೂರದಲ್ಲಿ ನಡೆಯಿತು, ಮಾತು ಗಟ್ಟಿಯಾಗಿತ್ತೇ ಪಿಸುದನಿಯಲ್ಲಿತ್ತೇ, ಹಣ ಮೇಜಿನ ಮೇಲೆ ಬಂತೇ ಕೆಳಗಿನಿಂದ ಬಂತೇ, ನೌಕರರು ಯಾರು ಹತ್ತಿರವಿದ್ದರು, ಅವರು ಏನು ಮಾಡಿದರು. ನಂತರ ಇಲಾಖೆ ಲಿಖಿತ ದೋಷಾರೋಪ ಕಳುಹಿಸುತ್ತದೆ. ಸನ್ನದುದಾರ ವಿಚಾರಣೆ ಕೇಳಿದರೆ ಆಡಳಿತ ನ್ಯಾಯಾಧೀಶರ ಮುಂದೆ ಸಾಕ್ಷಿಗಳ ಹೇಳಿಕೆ, ಪಾಟೀಸವಾಲು ನಡೆಯುತ್ತವೆ. ಆರೋಪವನ್ನು ರುಜುವಾತುಪಡಿಸುವ ಭಾರ ಇಲಾಖೆಯದು. ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ರುಜುವಾತು ಬೇಕಾಗಿಲ್ಲ, ಸಾಕ್ಷ್ಯದ ತಕ್ಕಡಿ ಒಂದು ಕಡೆಗೆ ವಾಲಿದರೆ ಸಾಕು. ಸನ್ನದಿನ ಶಿಸ್ತುಕ್ರಮದ ಗುರಿ ಜನರನ್ನು ಕಾಯುವುದು, ಯಾರನ್ನೂ ಜೈಲಿಗೆ ಕಳಿಸುವುದಲ್ಲ ಎಂಬುದು ಇದರ ಹಿಂದಿನ ತರ್ಕ. ನ್ಯಾಯಾಧೀಶರ ಪ್ರಸ್ತಾವಿತ ತೀರ್ಪನ್ನು ಇಲಾಖೆ ಒಪ್ಪಬಹುದು ಅಥವಾ ಬದಲಿಸಬಹುದು. ಅದರ ಮೇಲೆ ಮೂವರು ಸದಸ್ಯರ ಸ್ವತಂತ್ರ ಮೇಲ್ಮನವಿ ಮಂಡಳಿ, ಅಲ್ಲಿಂದ ಮುಂದೆ ಮೇಲ್ಮನವಿ ನ್ಯಾಯಾಲಯ.

ಈ ವ್ಯವಸ್ಥೆಯಲ್ಲಿ ಆರೋಪ ಹೊರಿಸುವುದೂ ಕೊನೆಯ ತೀರ್ಮಾನ ಕೊಡುವುದೂ ಒಂದೇ ಇಲಾಖೆ. ಅಪಾಯ ಎಲ್ಲಿದೆಯೆಂದು 2006ರಲ್ಲಿ ಬಯಲಾಯಿತು. ವಿಚಾರಣೆಯಲ್ಲಿ ಇಲಾಖೆಯ ಪರ ವಾದಿಸಿದ ವಕೀಲರೇ, ಎದುರು ಪಕ್ಷಕ್ಕೆ ತಿಳಿಯದಂತೆ, ತೀರ್ಮಾನ ಕೊಡುವವರಿಗೆ ವಿಚಾರಣೆಯ ವರದಿ ಕಳುಹಿಸುವ ಪದ್ಧತಿ ಅಲ್ಲಿತ್ತು. ಕ್ವಿಂಟಾನಾರ್ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಕಾನೂನುಬಾಹಿರವೆಂದು ಸಾರಿತು. ಬದುಕಿನ ಗಳಿಕೆಯನ್ನೆಲ್ಲ ಒಂದು ಸನ್ನದಿನಲ್ಲಿ ಹೂಡಿದವನಿಗೆ, ತನ್ನ ಬೆನ್ನ ಹಿಂದೆ ಏನು ಹೇಳಲಾಗಿದೆ ಎಂದು ತಿಳಿಯುವ ಹಕ್ಕಾದರೂ ಇರಲೇಬೇಕು.

ನೌಕರನೇ ಮಾರಾಟಗಾರನಾಗಿದ್ದಾಗ ಕಾನೂನು ತಕ್ಕಮಟ್ಟಿಗೆ ಸರಳ. ಬಾರನ್ನು ನೌಕರರ ಕೈಯಿಂದ ನಡೆಸುವ ಮಾಲೀಕ ಅವರು ಮಾಡಿದ್ದಕ್ಕೂ ತಿಳಿದದ್ದಕ್ಕೂ ಇಲಾಖೆಗೆ ಉತ್ತರ ಹೇಳಬೇಕು; ನೌಕರನನ್ನು ಮುಂದಿಟ್ಟು ಅವನ ಬೆನ್ನ ಹಿಂದೆ ಅಡಗುವಂತಿಲ್ಲ. ಈ ತತ್ತ್ವ 1940ರ ದಶಕದಿಂದಲೂ ನಡೆದುಬಂದಿದೆ. ಕೌಂಟರಿನಲ್ಲಿ ಗ್ಲಾಸು ತುಂಬಿಸುವವನೇ ಪೊಟ್ಟಣವನ್ನೂ ದಾಟಿಸಿದರೆ ಅವನ ಅರಿವೇ ಮಾಲೀಕನ ಅರಿವು. ಆದರೆ ಇದಕ್ಕೂ ಒಂದು ಅಂಚಿದೆ. 1999ರ ಸಾಂಟಾ ಆನಾ ಫುಡ್ ಮಾರ್ಕೆಟ್ ಪ್ರಕರಣದಲ್ಲಿ ಅಂಗಡಿಯ ನೌಕರರೊಬ್ಬರು ಬಡವರಿಗೆ ಸರ್ಕಾರ ಕೊಡುವ ಆಹಾರದ ಚೀಟಿಯನ್ನು ಅಕ್ರಮವಾಗಿ ಕೊಂಡಿದ್ದರು. ಅದು ಒಂಟಿ ಘಟನೆ, ಮಾಲೀಕರಿಗೆ ಗೊತ್ತಿರಲಿಲ್ಲ, ಇಂಥದ್ದು ನಡೆಯದಂತೆ ಅವರು ಬಲವಾದ ಕ್ರಮಗಳನ್ನೂ ಕೈಗೊಂಡಿದ್ದರು. ಇಷ್ಟಿರುವಾಗ ಸನ್ನದನ್ನು ಅಮಾನತಿನಲ್ಲಿಡಲು ತಕ್ಕ ಕಾರಣವಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಅಲ್ಲಿದ್ದುದು ಮಾದಕ ವಸ್ತುವಲ್ಲದಿದ್ದರೂ ತರ್ಕ ಬಾರಿಗೂ ಸಲ್ಲುತ್ತದೆ.

ಗಿರಾಕಿಯೊಬ್ಬ ಇನ್ನೊಬ್ಬ ಗಿರಾಕಿಗೆ ಮಾರಿದರೆ? ನಿಜವಾದ ಕಗ್ಗಂಟು ಇಲ್ಲಿದೆ. 1989ರಲ್ಲಿ ತೀರ್ಮಾನವಾದ ಮ್ಯಾಕ್‌ಫ್ಯಾಡಿನ್ ಸ್ಯಾನ್ ಡಿಯಾಗೊ ಪ್ರಕರಣ ಒಂದು ನೈಟ್‌ಕ್ಲಬ್ಬಿನದು. ಅಲ್ಲಿ ಗಿರಾಕಿಗಳು ಮಾದಕ ವಸ್ತು ಮಾರಿದ್ದು ನಿಜ. ಆದರೆ ಆ ವ್ಯವಹಾರಗಳು ಮಾಲೀಕ ಸಂಸ್ಥೆಗೆ ಗೊತ್ತಿರಲಿಲ್ಲ, ತಡೆಯಲು ಅದು ಸಾಕಷ್ಟು ವ್ಯವಸ್ಥೆಯನ್ನೂ ಮಾಡಿತ್ತು. ಹಾಗಿದ್ದರೂ ಜಾಗ ನಿನ್ನದು, ಹೊಣೆ ನಿನ್ನದು ಎಂಬ ನಿಲುವು ಇಲಾಖೆಯದಾಗಿತ್ತು. ನ್ಯಾಯಾಲಯ ಒಪ್ಪಲಿಲ್ಲ; ಗೊತ್ತಿಲ್ಲದ್ದಕ್ಕೆ, ಅದೂ ತಡೆಯಲು ಶ್ರಮಿಸಿದ ಮೇಲೆ, ಆಸ್ಪದ ಕೊಟ್ಟರೆನ್ನಲು ಬರುವುದಿಲ್ಲವೆಂದು ಇಲಾಖೆಯ ಆದೇಶವನ್ನು ಬದಿಗಿಟ್ಟಿತು.

ಮೂರು ವರ್ಷದ ನಂತರ, 1992ರಲ್ಲಿ, ಲಾಬ್ ಮತ್ತು ಸ್ಟ್ರೋ ನಡುವಿನ ಪ್ರಕರಣದಲ್ಲಿ ಇನ್ನೊಂದು ಪೀಠ ಈ ತರ್ಕವನ್ನು ಮತ್ತೂ ಹದಗೊಳಿಸಿತು. ಜಾಗ ಪ್ಲೆಸಂಟನ್ ಹೋಟೆಲ್. ಗಿರಾಕಿ ನಡೆಸಿದ ಗುಟ್ಟಿನ ವ್ಯವಹಾರ. ಮ್ಯಾಕ್‌ಫ್ಯಾಡಿನ್ ತೀರ್ಪಿನ ಫಲ ಸರಿ, ಆದರೆ ಅದು ಒತ್ತು ಕೊಟ್ಟ ಜಾಗ ತಪ್ಪು ಎಂದಿತು ಈ ಪೀಠ. ಮಾಲೀಕ ಎಷ್ಟು ಕ್ಯಾಮೆರಾ ಹಾಕಿದ್ದ, ಎಷ್ಟು ಬೌನ್ಸರುಗಳನ್ನಿಟ್ಟಿದ್ದ ಎಂಬುದು ಮೊದಲ ಪ್ರಶ್ನೆಯಲ್ಲ. ಮೊದಲ ಪ್ರಶ್ನೆ: ಅವನಿಗೆ ಗೊತ್ತಿತ್ತೇ, ಅಥವಾ ಗೊತ್ತಿರಲೇಬೇಕಾದ ಸ್ಥಿತಿಯಿತ್ತೇ? ಅರಿವಿಲ್ಲದೆ ಆಸ್ಪದವಿಲ್ಲ. ಹಾಗೆಂದು ಮಾಲೀಕ ಕಣ್ಣುಮುಚ್ಚಿ ಕೂರುವಂತೆಯೂ ಇಲ್ಲ. ನಡೆಯಬಹುದಾದ ಅಕ್ರಮವನ್ನು ಮುಂಚಿತವಾಗಿ ಊಹಿಸಿ ಎಚ್ಚರದಿಂದಿರುವ, ನೌಕರರಿಗೆ ತಿಳಿಹೇಳುವ ಸಾಮಾನ್ಯ ಕರ್ತವ್ಯ ಅವನಿಗೆ ಸದಾ ಇದ್ದೇ ಇದೆ. ನಿರ್ದಿಷ್ಟ ಅಕ್ರಮವೊಂದು ಅವನ ಗಮನಕ್ಕೆ ಬಂದ ಗಳಿಗೆಯಿಂದ ಆ ಕರ್ತವ್ಯ ಮೊನಚಾಗುತ್ತದೆ. ಅದೇ ಅಕ್ರಮವನ್ನು ನಿಲ್ಲಿಸುವುದು ಅವನ ಕೆಲಸವಾಗುತ್ತದೆ. ತಿಳಿದ ಮೇಲೂ ಅದು ಮರುಕಳಿಸಿದರೆ, ತಡೆಯದೆ ಸುಮ್ಮನಿದ್ದದ್ದೇ ಆಸ್ಪದ.

ಎರಡು ತೀರ್ಪುಗಳಲ್ಲಿ ಲಾಬ್ ತೀರ್ಪೇ ಹೆಚ್ಚು ನ್ಯಾಯದ್ದು. ಮ್ಯಾಕ್‌ಫ್ಯಾಡಿನ್ ದಾರಿ ಹಿಡಿದರೆ ದುಡ್ಡಿರುವ ದೊಡ್ಡ ಕ್ಲಬ್ಬು ಕಾವಲಿನ ಖರ್ಚಿನ ಪಟ್ಟಿ ತೋರಿಸಿ ಪಾರಾಗುತ್ತದೆ. ಗಂಡ ಹೆಂಡತಿ ನಡೆಸುವ ಸಣ್ಣ ಬಾರು ಸಿಕ್ಕಿಬೀಳುತ್ತದೆ. ಅರಿವನ್ನು ಕೇಳುವ ಪ್ರಶ್ನೆ ಇಬ್ಬರಿಗೂ ಒಂದೇ. ಅದರಿಂದ ಸರ್ಕಾರದ ಮೇಲೂ ಒಂದು ಹೊಣೆ ಬೀಳುತ್ತದೆ. ಮಫ್ತಿ ಅಧಿಕಾರಿಗೆ ತಿಂಗಳುಗಟ್ಟಲೆ ಗೊತ್ತಿದ್ದದ್ದನ್ನು ಮಾಲೀಕನಿಗೆ ಹೇಳದೆ, ಕೊನೆಗೆ ಅದೇ ವ್ಯವಹಾರಗಳನ್ನು ಎಣಿಸಿ ಅವನ ಸನ್ನದಿಗೆ ಕೈಹಾಕುವುದು ಸಲ್ಲದು. ಮಾಲೀಕನೇ ಶಾಮೀಲಾಗಿರುವ ಗುಮಾನಿ ಇರುವಲ್ಲಿ ಮೌನ ಅನಿವಾರ್ಯ, ಸರಿ. ಉಳಿದೆಡೆ ಮೊದಲ ಮಾರಾಟವಾದೊಡನೆ ಒಂದು ನೋಟಿಸು ಕಳುಹಿಸಿದರೆ ಎರಡನೆಯದು ನಿಲ್ಲಬಹುದು, ನಿಲ್ಲದಿದ್ದರೆ ಅರಿವಿನ ಪ್ರಶ್ನೆಯಾದರೂ ಅಲ್ಲಿಗೇ ಬಗೆಹರಿಯುತ್ತದೆ. 24200ನೆಯ ಕಲಮಿನ ಇನ್ನೊಂದು ಉಪಕಲಮಿನಲ್ಲಿ ಈ ವಿವೇಕವಿದೆ: ಬಾರಿನೊಳಗೂ ಮಾಲೀಕನ ವಶದಲ್ಲಿರುವ ಪಕ್ಕದ ಜಾಗದಲ್ಲೂ ಇರುವ ಉಪದ್ರವದ ಬಗ್ಗೆ ಇಲಾಖೆಯಿಂದಲೋ ಜಿಲ್ಲಾ ಅಥವಾ ನಗರ ವಕೀಲರಿಂದಲೋ ನೋಟಿಸು ಬಂದ ಮೇಲೆ, ಯುಕ್ತ ಸಮಯದೊಳಗೆ ಯುಕ್ತ ಕ್ರಮ ಕೈಗೊಳ್ಳದಿದ್ದರೆ ಅದು ಶಿಸ್ತುಕ್ರಮಕ್ಕೆ ಆಧಾರ.

ಒಳ್ಳೆಯ ಮಾಲೀಕನ ಇಕ್ಕಟ್ಟನ್ನೂ ಇಲ್ಲಿ ಹೇಳಬೇಕು. ಅನುಮಾನ ಬಂದಾಗಲೆಲ್ಲ ಪೊಲೀಸರಿಗೆ ಫೋನು ಮಾಡುವ ಬಾರಿನ ಹೆಸರು ಠಾಣೆಯ ದಾಖಲೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಕರೆಗಳ ಎಣಿಕೆಯನ್ನೇ ಮುಂದೆ ಬಾರಿನ ವಿರುದ್ಧ ಹಿಡಿದರೆ ಮುಂದಿನ ಸಲ ಯಾರೂ ಫೋನು ಎತ್ತುವುದಿಲ್ಲ. ಪ್ರಾಮಾಣಿಕವಾಗಿ ಮಾಡಿದ ಕರೆಯನ್ನು ಮಾಲೀಕನ ಪರವಾದ ಸಾಕ್ಷ್ಯವೆಂದು ಎಣಿಸದ ಕಾನೂನು ಜಾಣಕುರುಡನ್ನು ತಾನೇ ಸಾಕಿದಂತಾಗುತ್ತದೆ.

ಇಂಗ್ಲೆಂಡ್ ಬೇರೆ ದಾರಿ ಹಿಡಿದಿದೆ. ಅಲ್ಲಿನ 2003ರ ಸನ್ನದು ಕಾಯ್ದೆ ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ಉಪದ್ರವ ನಿವಾರಣೆ, ಮಕ್ಕಳ ರಕ್ಷಣೆ ಎಂಬ ನಾಲ್ಕು ಉದ್ದೇಶಗಳನ್ನು ಹಾಕಿಕೊಟ್ಟಿದೆ. ಮಾಲೀಕನ ತಪ್ಪು ಎಷ್ಟು ಎಂದು ತೂಗುವುದಕ್ಕಿಂತ ಆ ಜಾಗ ಮುಂದೆ ಸುರಕ್ಷಿತವಾಗಿ ನಡೆಯಬಲ್ಲದೇ ಎಂದು ನೋಡುವುದು ಅಲ್ಲಿನ ಕ್ರಮ. ಲಂಡನ್ನಿನ ಫ್ಯಾಬ್ರಿಕ್ ನೈಟ್‌ಕ್ಲಬ್ಬಿನಲ್ಲಿ 2016ರ ಬೇಸಿಗೆಯಲ್ಲಿ ಮಾದಕ ವಸ್ತುವಿನಿಂದ 18 ವರ್ಷದ ಇಬ್ಬರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಇಸ್ಲಿಂಗ್ಟನ್ ಕೌನ್ಸಿಲ್ ಸನ್ನದನ್ನು ರದ್ದುಮಾಡಿತು. ನವೆಂಬರಿನಲ್ಲಿ ರಾಜಿಯಾಗಿ, ಗುರುತಿನ ಚೀಟಿ ಸ್ಕ್ಯಾನ್ ಮಾಡುವುದು, ಮಾದಕ ವಸ್ತುವಿನೊಂದಿಗೆ ಸಿಕ್ಕವರನ್ನು ಜೀವಮಾನವಿಡೀ ಹೊರಗಿಡುವುದು ಮುಂತಾದ 32 ಹೊಸ ಷರತ್ತುಗಳೊಡನೆ 2017ರ ಜನವರಿಯಲ್ಲಿ ಕ್ಲಬ್ಬು ಮತ್ತೆ ತೆರೆಯಿತು. ಎರಡು ಎಳೆಯ ಜೀವಗಳು ಹೋದ ಮೇಲೆ ಬಂದ ಷರತ್ತುಗಳು ಅವು.

ಕರ್ನಾಟಕದಲ್ಲಿ ಬಾರಿಗೆ ಸಿಗುವುದು ಸಿಎಲ್-9 ಸನ್ನದು, ವಸತಿ ಹೋಟೆಲಿಗೆ ಸಿಎಲ್-7. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 29ನೆಯ ಪ್ರಕರಣ ಸನ್ನದನ್ನು ಅಮಾನತಿನಲ್ಲಿಡುವ, ರದ್ದುಮಾಡುವ ಅಧಿಕಾರ ಕೊಡುತ್ತದೆ. ಸನ್ನದುದಾರ ಮಾತ್ರವೇ ಅಲ್ಲ, ಅವನ ನೌಕರ, ಅಥವಾ ಅವನ ಸ್ಪಷ್ಟ ಇಲ್ಲವೇ ಸೂಚಿತ ಸಮ್ಮತಿಯಿಂದ ಅವನ ಪರವಾಗಿ ನಡೆಯುವವ ಷರತ್ತು ಮುರಿದರೂ ಸಾಕು. ‘ಸೂಚಿತ ಸಮ್ಮತಿ’ ಎಂಬಲ್ಲಿ ಕ್ಯಾಲಿಫೋರ್ನಿಯಾದ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕ್ರಿಮಿನಲ್ ಕಡೆಯಲ್ಲಿ 1985ರ ಮಾದಕ ವಸ್ತು ಕಾಯ್ದೆಯ 25ನೆಯ ಪ್ರಕರಣವಿದೆ: ತನ್ನ ಹತೋಟಿಯ ಮನೆ, ಕೋಣೆ ಅಥವಾ ಜಾಗವನ್ನು ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟವನಿಗೆ ಆ ಅಪರಾಧದ ಶಿಕ್ಷೆಯೇ ಆಗುತ್ತದೆ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಭಾರತದ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ, ಕರ್ನಾಟಕದಿಂದಲೇ ಹೋದ ಖೋಡೇಸ್ ಡಿಸ್ಟಿಲರೀಸ್ ಪ್ರಕರಣದಲ್ಲಿ. ಹಕ್ಕಲ್ಲದಿದ್ದರೂ, ಕೊಟ್ಟ ಸನ್ನದನ್ನು ಹಿಂತೆಗೆಯುವ ಮುನ್ನ ಸನ್ನದುದಾರನ ಮಾತು ಕೇಳಬೇಕಾದ ನ್ಯಾಯ ಉಳಿದೇ ಇದೆ.

ತಪ್ಪು ಸಾಬೀತಾದ ಮೇಲಿನ ಪ್ರಶ್ನೆ ಶಿಕ್ಷೆಯ ಪ್ರಮಾಣದ್ದು. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ನಡತೆ, ತಪ್ಪನ್ನು ತಿದ್ದಿಕೊಂಡ ರೀತಿ, ನೌಕರರಿಗೆ ಕೊಟ್ಟ ತರಬೇತಿ, ತನಿಖೆಗೆ ಕೊಟ್ಟ ಸಹಕಾರ ಇವು ಶಿಕ್ಷೆಯನ್ನು ಇಳಿಸುತ್ತವೆ. ಮತ್ತೆ ಮತ್ತೆ ನಡೆದದ್ದು, ಎಚ್ಚರಿಕೆ ಬಂದ ಮೇಲೂ ನಡೆದದ್ದು ಏರಿಸುತ್ತದೆ. ಸಣ್ಣ ಅಮಾನತಿಗೆ ಬದಲಾಗಿ ದಂಡ ಕಟ್ಟಿ ಬಾಗಿಲು ತೆರೆದಿಡುವ ಅವಕಾಶ ಬೇರೆ ತಪ್ಪುಗಳಲ್ಲಿ ಉಂಟು. ತಿಳಿದೂ ಮಾದಕ ವಸ್ತು ಮಾರಾಟಕ್ಕೆ ಆಸ್ಪದ ಕೊಟ್ಟಲ್ಲಿ ಕಾನೂನು ಕೇಳುವುದು ರದ್ದತಿಯನ್ನೇ. ಎಲ್ಲ ಬಗೆಯ ಮದ್ಯವನ್ನೂ ಕುಳಿತು ಕುಡಿಯಲು ಮಾರುವ ಸನ್ನದನ್ನು ಅಲ್ಲಿ ಜಿಲ್ಲೆಯ 2,000 ಜನರಿಗೆ ಒಂದರಂತೆ ಮಿತಿಗೊಳಿಸಲಾಗಿದೆ. ಹೀಗಾಗಿ ಕಾಗದಕ್ಕೇ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ, ರದ್ದಾದರೆ ಆ ಬೆಲೆಯೆಲ್ಲ ಒಂದೇ ದಿನದಲ್ಲಿ ಸೊನ್ನೆ. ಸಾಲ ಕೊಟ್ಟವರೂ ಕೆಲಸಗಾರರೂ ಅದರಲ್ಲಿ ಮುಳುಗುತ್ತಾರೆ. ಆದ್ದರಿಂದ ಶಿಸ್ತುಕ್ರಮದ ಹಲವು ಆದೇಶಗಳಲ್ಲಿ ಇಲಾಖೆ ಒಂದು ನಡುದಾರಿ ಹಿಡಿಯುತ್ತದೆ: ಸನ್ನದು ರದ್ದು, ಆದರೆ ಆ ರದ್ದತಿಗೆ ಕೆಲವು ತಿಂಗಳ ತಡೆ, ಅಷ್ಟರೊಳಗೆ ಇಲಾಖೆಗೆ ಒಪ್ಪಿಗೆಯಾದ ಬೇರೊಬ್ಬರಿಗೆ ಅದನ್ನು ಮಾರಿಬಿಡಬೇಕು. ಅಲ್ಲಿಯವರೆಗೆ ಸನ್ನದು ಅಮಾನತಿನಲ್ಲಿ, ಬಾರಿನ ಬಾಗಿಲಿಗೆ ಇಲಾಖೆಯ ನೋಟಿಸು. ಕೊಂಡವರು ಹೊಸ ಅರ್ಜಿ ಹಾಕುವಾಗ ಬಾಗಿಲು ಮುಚ್ಚುವ ವೇಳೆ, ಹಿತ್ತಲಿನ ದೀಪ, ಕಾವಲುಗಾರರ ಸಂಖ್ಯೆ ಇತ್ಯಾದಿ ಷರತ್ತುಗಳನ್ನು ಇಲಾಖೆ ಆ ಸನ್ನದಿಗೇ ಅಂಟಿಸಬಹುದು.