ಕೀಲಿಮಣೆಗೆ ಅಕ್ಷರ ಗೊತ್ತಿಲ್ಲ

(ಹಳೆಯ ಕೀಲಿಮಣೆಗಳನ್ನು ಇಂದಿನ ಕಂಪ್ಯೂಟರುಗಳಿಗೆ ಹೊಂದಿಸುವ ಕುರಿತು ನೀಡಿದ ಉಪನ್ಯಾಸದ ಬರಹರೂಪ)



ಗುಜರಿ ಅಂಗಡಿಯಲ್ಲಿ ಹಳೆಯ ಕೀಲಿಮಣೆಗೆ ತೂಕದ ಬೆಲೆ. ಪ್ಲಾಸ್ಟಿಕ್ಕು ಒಂದು ರಾಶಿಗೆ, ತಗಡು ಇನ್ನೊಂದಕ್ಕೆ, ತಂತಿ ಮತ್ತೊಂದಕ್ಕೆ. ಹೀಗೆ ಬಿಚ್ಚಿಹೋಗುವವುಗಳಲ್ಲಿ ಬಹುಪಾಲು ಆ ಗತಿಗೆ ತಕ್ಕವೇ, ಅವಕ್ಕಾಗಿ ಮರುಗಬೇಕಿಲ್ಲ. ಆದರೆ ಅವುಗಳ ನಡುವೆ ಒಮ್ಮೊಮ್ಮೆ ಎರಡು ಕಿಲೋಗೂ ಹೆಚ್ಚು ತೂಗುವ, ಒಳಗೆ ಉಕ್ಕಿನ ತಗಡಿರುವ ಒಂದು ಕೀಲಿಮಣೆ ಬಂದುಬಿಡುತ್ತದೆ. ಅದರ ಒಂದು ಕೀ ಕೂಡ ಸವೆದಿರುವುದಿಲ್ಲ. ಆದರೂ ಅದು ಕೆಲಸಕ್ಕೆ ಬಾರದ ವಸ್ತು, ಏಕೆಂದರೆ ಅದು ಆಡುವ ಮಾತನ್ನು ಕೇಳಿಸಿಕೊಳ್ಳುವ ಕಂಪ್ಯೂಟರು ಈಗ ಮನೆಯಲ್ಲಿ ಇಲ್ಲ. ಅಂಥ ಕೀಲಿಮಣೆಗಳನ್ನು ಮತ್ತೆ ಮಾತಿಗೆ ಹಚ್ಚುವುದು ಹೇಗೆ ಎಂಬುದೇ ಇಂದಿನ ವಿಷಯ.

ಮಾತಿಗೆ ಹಿಡಿತ ಸಿಗಲೆಂದು ಒಂದೇ ವಂಶವನ್ನು ತೆಗೆದುಕೊಳ್ಳುತ್ತೇನೆ. ಐಬಿಎಂ ಕಂಪೆನಿ 1981ರ ಆಗಸ್ಟಿನಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿದಾಗ ಅದರೊಂದಿಗೆ 83 ಕೀಗಳ ಕೀಲಿಮಣೆಯೊಂದನ್ನು ಕೊಟ್ಟಿತು. ಅದರ ಹೆಸರು ಮಾಡೆಲ್ ಎಫ್. ಅದರ ಪ್ರತಿ ಕೀಯ ಕೆಳಗೂ ಒಂದು ಸುರುಳಿ ಸ್ಪ್ರಿಂಗು ನೆಟ್ಟಗೆ ನಿಂತಿರುತ್ತದೆ. ಒತ್ತುತ್ತಾ ಹೋದಂತೆ ಅದು ಕುಗ್ಗುತ್ತದೆ. ಒಂದು ಹಂತ ದಾಟಿದ ಕೂಡಲೇ ಮೊಣಕಾಲು ಮಡಚಿದ ಹಾಗೆ ಪಕ್ಕಕ್ಕೆ ಬಾಗಿ ಗೂಡಿನ ಗೋಡೆಗೆ ಬಡಿಯುತ್ತದೆ. ನಮಗೆ ಕೇಳಿಸುವ ‘ಟಕ್’ ಎಂಬ ಸದ್ದು ಅದೇ. ಅದೇ ಕ್ಷಣದಲ್ಲಿ ಬುಡದಲ್ಲಿರುವ ಪುಟ್ಟ ಹಲಗೆಯೊಂದು ಓಲಾಡಿ, ಕೀ ಒತ್ತಿದೆ ಎಂಬ ಸುದ್ದಿ ಒಳಗಿನ ಚಿಪ್ಪಿಗೆ ಮುಟ್ಟುತ್ತದೆ. ಸದ್ದು, ಬೆರಳಿಗೆ ಸಿಗುವ ಅನುಭವ, ವಿದ್ಯುತ್ ಸುದ್ದಿ, ಮೂರೂ ಒಟ್ಟಿಗೆ ಆಗುತ್ತವೆ. ಟೈಪು ಮಾಡುವವರು ಪರದೆ ನೋಡದೆಯೇ ಅಕ್ಷರ ಬಿತ್ತೆಂದು ತಿಳಿಯುತ್ತಾರೆ. ಇಂದಿನ ಸಾಮಾನ್ಯ ಕೀಲಿಮಣೆಯಲ್ಲಿ ಈ ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಒಂದು ಗುಮ್ಮಟ ಇರುತ್ತದೆ. ಅದು ಅಗ್ಗ, ಸದ್ದಿಲ್ಲ, ಬೆರಳಿಗೆ ಏನೂ ಹೇಳುವುದೂ ಇಲ್ಲ.

ಬಾಗುವ ಸ್ಪ್ರಿಂಗಿನ ಈ ಉಪಾಯಕ್ಕೆ ಐಬಿಎಂನ ರಿಚರ್ಡ್ ಹ್ಯಾರಿಸ್ 1970ರ ದಶಕದಲ್ಲಿ ಪೇಟೆಂಟ್ ಪಡೆದಿದ್ದರು. ಮಾಡೆಲ್ ಎಫ್‌ನಲ್ಲಿ ಲೋಹಕ್ಕೆ ಲೋಹ ತಾಗುವ ಮಾತೇ ಇಲ್ಲ. ವಿದ್ಯುತ್ ಧಾರಣೆಯ ಏರುಪೇರನ್ನಷ್ಟೇ ಚಿಪ್ಪು ಅಳೆಯುತ್ತದೆ. ಹಾಗಾಗಿ ಸವೆಯಲು ಅಲ್ಲಿ ಹೆಚ್ಚೇನೂ ಇಲ್ಲ. 1985ರಲ್ಲಿ ಇದರ ತಮ್ಮ ಮಾಡೆಲ್ ಎಂ ಬಂತು. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆಗಳನ್ನು ಹಾಕಿ ಖರ್ಚು ಇಳಿಸಿದರು, ಸ್ಪ್ರಿಂಗನ್ನು ಮಾತ್ರ ಬಿಡಲಿಲ್ಲ.

ಇನ್ನು ಈ ಕೀಲಿಮಣೆ ಕಂಪ್ಯೂಟರಿಗೆ ಹೇಳುವುದಾದರೂ ಏನನ್ನು? ‘ಕೆ’ ಒತ್ತಿದರೆ ತಂತಿಯಲ್ಲಿ ‘ಕೆ’ ಎಂಬ ಅಕ್ಷರ ಹರಿದು ಹೋಗುತ್ತದೆಂದು ನಾವು ಭಾವಿಸುತ್ತೇವೆ. ಹಾಗೇನೂ ಇಲ್ಲ. ಹೋಗುವುದು 37 ಎಂಬ ಒಂದು ಸಂಖ್ಯೆ. ಅದು ಆ ಕೀಯ ಮನೆ ನಂಬರು ಎನ್ನಿ. ಬೆರಳು ಎತ್ತಿದಾಗ ಅದಕ್ಕೆ 128 ಕೂಡಿಸಿ 165 ಎಂದು ಕಳಿಸುತ್ತದೆ. ಕೀಲಿಮಣೆಗೆ ಗೊತ್ತಿರುವುದು ಇಷ್ಟೇ: ಇಂಥ ಮನೆಯ ಬಾಗಿಲು ತೆರೆಯಿತು, ಇಂಥ ಮನೆಯ ಬಾಗಿಲು ಮುಚ್ಚಿತು. ಆ ಮನೆಯಲ್ಲಿ ಯಾರಿದ್ದಾರೆಂಬುದು ಅದಕ್ಕೆ ತಿಳಿಯದು. ಅದನ್ನು ನಿರ್ಧರಿಸುವುದು ಕಂಪ್ಯೂಟರಿನೊಳಗಿನ ತಂತ್ರಾಂಶ.

ತೊಡಕು ಶುರುವಾದದ್ದು 1984ರಲ್ಲಿ. ಆ ವರ್ಷ ಐಬಿಎಂ ಎಟಿ ಎಂಬ ಹೊಸ ಯಂತ್ರ ತಂದಿತು, ಮನೆ ನಂಬರುಗಳನ್ನೆಲ್ಲ ಬದಲಾಯಿಸಿತು. ‘ಕೆ’ ಈಗ 66. ಬೆರಳು ಎತ್ತಿದಾಗ ಮೊದಲು 240 ಎಂದು ಹೇಳಿ ಆಮೇಲೆ 66 ಎನ್ನಬೇಕು. ಜೊತೆಗೆ ಮಾತು ಎರಡು ಕಡೆಯಿಂದಲೂ ನಡೆಯತೊಡಗಿತು, ಕ್ಯಾಪ್ಸ್ ಲಾಕ್‌ನ ದೀಪ ಹಚ್ಚು ಎಂದು ಕಂಪ್ಯೂಟರೂ ಅಪ್ಪಣೆ ಕೊಡಬಹುದಾಯಿತು. 1981ರ ಕೀಲಿಮಣೆಗೆ ದೀಪವೂ ಇರಲಿಲ್ಲ, ಅಪ್ಪಣೆ ಕೇಳುವ ಅಭ್ಯಾಸವೂ ಇರಲಿಲ್ಲ. ತಮಾಷೆಯೆಂದರೆ ಎರಡಕ್ಕೂ ಐದು ಕಡ್ಡಿಯ ಅದೇ ದುಂಡನೆಯ ಪ್ಲಗ್ಗು. ಹಳೆಯದು ಹೊಸದರ ಸಾಕೆಟ್ಟಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ, ಆದರೆ ಒಂದಕ್ಷರವೂ ಮೂಡುವುದಿಲ್ಲ. ಆ ಕಾಲದ ಎಷ್ಟೋ ಕೀಲಿಮಣೆಗಳ ಬೆನ್ನಿಗೆ ‘ಎಕ್ಸ್‌ಟಿ-ಎಟಿ’ ಎಂದು ಬರೆದ ಪುಟ್ಟ ಸ್ವಿಚ್ಚು ಇರುತ್ತಿದ್ದುದು ಈ ಕಾರಣಕ್ಕೇ.

1987ರಲ್ಲಿ ಪಿಎಸ್/2 ಯಂತ್ರಗಳೊಂದಿಗೆ ಆರು ಕಡ್ಡಿಯ ಸಣ್ಣ ಪ್ಲಗ್ಗು ಬಂತು. ಇಲ್ಲಿ ಬದಲಾದದ್ದು ಪ್ಲಗ್ಗಿನ ಆಕಾರ ಮಾತ್ರ, ಮಾತು ಎಟಿಯದೇ. 1996ರಲ್ಲಿ ಬಂದ ಯುಎಸ್‌ಬಿ ಎಲ್ಲವನ್ನೂ ತಿರುವಿಹಾಕಿತು. ಅದರಲ್ಲಿ ‘ಕೆ’ಯ ನಂಬರು 14. ನಂಬರಿಗಿಂತ ದೊಡ್ಡ ಬದಲಾವಣೆ ನಡವಳಿಕೆಯದು. ಹಳೆಯ ಕೀಲಿಮಣೆ ತನಗೆ ಹೇಳಬೇಕೆನಿಸಿದಾಗ ಹೇಳಿಬಿಡುತ್ತಿತ್ತು. ಯುಎಸ್‌ಬಿ ಕೀಲಿಮಣೆ ಕೇಳಿದಾಗ ಮಾತ್ರ ಹೇಳಬೇಕು. ಕಂಪ್ಯೂಟರು ಸೆಕೆಂಡಿಗೆ ನೂರಾರು ಸಲ ‘ಏನಾದರೂ ಇದೆಯೇ?’ ಎಂದು ವಿಚಾರಿಸುತ್ತದೆ, ಇದು ಆಗಷ್ಟೇ ಉತ್ತರಿಸುತ್ತದೆ. ಒಬ್ಬರು ತೋಚಿದಾಗ ಕೂಗಿ ಹೇಳುವವರು, ಇನ್ನೊಬ್ಬರು ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡುವವರು. ಇವರಿಬ್ಬರ ನಡುವೆ ಬರಿಯ ತಂತಿ ಎಳೆದರೆ ಸಂಸಾರ ಸಾಗದು.

ಅಂಗಡಿಯಲ್ಲಿ ಸಿಗುವ, ಬೆರಳಿನ ಗಾತ್ರದ ನೇರಳೆ ಅಥವಾ ಹಸಿರು ಅಡಾಪ್ಟರು ಬಹಳ ಸಲ ಕೈಕೊಡುವುದಕ್ಕೆ ಕಾರಣ ಇದೇ. ಅದರೊಳಗೆ ತಂತಿಯ ಹೊರತು ಬೇರೇನೂ ಇಲ್ಲ. ಎರಡೂ ಭಾಷೆ ಬಲ್ಲ ಕೆಲವು ಕೀಲಿಮಣೆಗಳಿಗೆಂದು ಮಾಡಿದ್ದು ಅದು. ಕೊಂಡವರು ಕೀಲಿಮಣೆಯೇ ಕೆಟ್ಟಿದೆ ಎಂದುಕೊಂಡು ಗುಜರಿಗೆ ಹಾಕುತ್ತಾರೆ. ನನ್ನ ಎಣಿಕೆಯಲ್ಲಿ ಒಳ್ಳೆಯ ಕೀಲಿಮಣೆಗಳನ್ನು ಧೂಳಿಗಿಂತ ಹೆಚ್ಚಾಗಿ ಕೊಂದಿರುವುದು ಈ ಅಡಾಪ್ಟರು.

ಬೇಕಾದದ್ದು ಒಬ್ಬ ದುಭಾಷಿ. ಯುಎಸ್‌ಬಿ ಭಾಷೆಯನ್ನು ಹುಟ್ಟಿನಿಂದಲೇ ಬಲ್ಲ ಸಣ್ಣ ಚಿಪ್ಪಿನ ಹಲಗೆಗಳು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಎಟಿಮೆಗಾ 32ಯು4 ಎಂಬ ಚಿಪ್ಪಿನವು ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿವೆ. ಹಳೆಯ ಕೀಲಿಮಣೆಯಿಂದ ಬರಬೇಕಾದ ತಂತಿ ನಾಲ್ಕೇ: ಐದು ವೋಲ್ಟಿನದು, ನೆಲದ್ದು, ಸಂಖ್ಯೆ ಸಾಗುವುದು, ಆ ಸಂಖ್ಯೆಗೆ ತಾಳ ಹಾಕುವುದು. ಯುಎಸ್‌ಬಿಯೂ ಐದು ವೋಲ್ಟನ್ನೇ ಕೊಡುವುದು ನಮ್ಮ ಅದೃಷ್ಟ. ಹಳೆಯವು ಇಂದಿನವಕ್ಕಿಂತ ಹೆಚ್ಚು ವಿದ್ಯುತ್ ಬೇಡುತ್ತವೆ, ಆದರೂ ಯುಎಸ್‌ಬಿ ಕೊಡಬಲ್ಲ 500 ಮಿಲಿಆಂಪಿಯರಿನೊಳಗೆ ಅವುಗಳ ಹೊಟ್ಟೆ ತುಂಬುತ್ತದೆ. ದುಭಾಷಿ 37 ಕೇಳಿಸಿಕೊಂಡು 14 ಎಂದು ಬರೆದಿಟ್ಟುಕೊಳ್ಳುತ್ತಾನೆ, ಕಂಪ್ಯೂಟರು ಕೇಳಿದಾಗ ಒಪ್ಪಿಸುತ್ತಾನೆ. ಇದಕ್ಕೆ ಬೇಕಾದ ತಂತ್ರಾಂಶವನ್ನು ಹವ್ಯಾಸಿಗಳು ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಟಿಎಂಕೆ, ಕ್ಯೂಎಂಕೆ ಎಂಬವು ಅವುಗಳಲ್ಲಿ ಹೆಸರಾದವು.

ಈ ದುಭಾಷಿಯನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲಿ ಎರಡು ಪಂಥಗಳಿವೆ. ಕೆಲವರು ಕೀಲಿಮಣೆ ಬಿಚ್ಚಿ, ಹಳೆಯ ಚಿಪ್ಪನ್ನು ಕಿತ್ತೆಸೆದು, ಬಳ್ಳಿಯನ್ನು ಕತ್ತರಿಸಿ, ಹೊಸ ಹಲಗೆಯನ್ನು ಒಳಗೇ ಬೆಸುಗೆ ಹಾಕುತ್ತಾರೆ. ಮೂಲ ಚಿಪ್ಪು ಸತ್ತಿದ್ದರೆ ಬೇರೆ ದಾರಿಯಿಲ್ಲ, ಒಪ್ಪುತ್ತೇನೆ. ಬದುಕಿರುವುದನ್ನು ಹಾಗೆ ಮಾಡುವುದು ನನಗೆ ಸರಿಕಾಣದು. ಹಳೆಯ ತಾಳೆಗರಿಯ ಕಟ್ಟನ್ನು ಪ್ರತಿ ಮಾಡಿಕೊಳ್ಳುವವರು ಗರಿಯ ಅಂಚು ಕತ್ತರಿಸುವುದಿಲ್ಲವಷ್ಟೆ. ದುಭಾಷಿ ಹೊರಗೆ, ಬಳ್ಳಿಯ ತುದಿಯಲ್ಲಿ, ಒಂದು ಸಣ್ಣ ಡಬ್ಬಿಯಲ್ಲಿ ಕೂರಲಿ. ನಾಳೆ ಇನ್ನೊಂದು ಬಗೆಯ ಸಾಕೆಟ್ಟು ಬಂದರೆ ಡಬ್ಬಿ ಬದಲಾಯಿಸಿದರಾಯಿತು.

ಒಳಗೆ ಕೈ ಹಾಕಲೇಬೇಕಾದ ಸಂದರ್ಭಗಳೂ ಇವೆ. ಮಾಡೆಲ್ ಎಫ್‌ನ ಎರಡು ತಗಡುಗಳ ನಡುವಿನ ಸ್ಪಂಜು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಮಾಡೆಲ್ ಎಂನಲ್ಲಿ ತಗಡನ್ನು ಹಿಡಿದಿಡುವ ಪ್ಲಾಸ್ಟಿಕ್ ಮೊಳೆಗಳು ಒಂದೊಂದಾಗಿ ತಲೆ ಉದುರಿಸಿಕೊಳ್ಳುತ್ತವೆ. ಅಲುಗಾಡಿಸಿದರೆ ಒಳಗೆ ಗಿಲಕಿಯ ಸದ್ದು ಬಂದೀತು. ಸ್ಪಂಜು ಬದಲಿಸಬಹುದು, ಮೊಳೆಯ ಜಾಗದಲ್ಲಿ ತೂತು ಕೊರೆದು ಸಣ್ಣ ಸ್ಕ್ರೂ ಹಾಕಬಹುದು. ತಾಳ್ಮೆ ಬೇಡುವ ಕೆಲಸ, ಅಷ್ಟೇ.

ಈಗ ನಮ್ಮ ಕಡೆಗೆ ಬರೋಣ. ಐಬಿಎಂ 1978ರಲ್ಲೇ ಭಾರತದಿಂದ ಹೊರಟುಹೋಗಿತ್ತು. ಹಾಗಾಗಿ 80ರ ದಶಕದಲ್ಲಿ ಇಲ್ಲಿನ ಕಚೇರಿಗಳಿಗೆ ಹೆಚ್ಚಾಗಿ ಬಂದದ್ದು ಅದರ ಪಡಿಯಚ್ಚಿನ ಯಂತ್ರಗಳು. ಆದರೆ ಮನೆ ನಂಬರುಗಳು ಅವೇ. ಮುಂದೆ ಡಿಟಿಪಿ ಅಂಗಡಿಗಳಲ್ಲಿ, ಬಿಲ್ಲಿಂಗ್ ಕೌಂಟರುಗಳಲ್ಲಿ ಮನೆಮಾತಾದ ಟಿವಿಎಸ್ ಗೋಲ್ಡ್ ಕೂಡ ಯಾಂತ್ರಿಕ ಕೀಲಿಮಣೆಯೇ. ಅದರ ಪಿಎಸ್/2 ಪ್ಲಗ್ಗಿನವು ಇಂದಿಗೂ ಎಷ್ಟೋ ಕಪಾಟುಗಳಲ್ಲಿ ಕೂತಿರಬಹುದು. ಅವಕ್ಕೂ ಇದೇ ಮದ್ದು.

1981ರ ಅಮೆರಿಕದ ಕೀಲಿಮಣೆಯಲ್ಲಿ ಕನ್ನಡ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಬರೆಯಬಹುದು. ನುಡಿ ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಜೋಡಣೆಯನ್ನು ನೆನಪಿಸಿಕೊಳ್ಳಿ. ‘ಅಕ್ಷರ’ ಎಂಬ ಪದಕ್ಕೆ ಎ, ಕೆ, ಎಫ್, ಎಕ್ಸ್, ಆರ್ ಎಂದು ಐದು ಕೀ ಒತ್ತುತ್ತೇವೆ. ಒತ್ತಕ್ಷರ ಬೆಸೆಯುವ ಕೆಲಸ ಎಫ್‌ನದು. ಹಳೆಯ ಕೀಲಿಮಣೆಯಿಂದ ಹೊರಡುವುದು 30, 37, 33, 45, 19. ದುಭಾಷಿ ಅದನ್ನು 4, 14, 9, 27, 21 ಮಾಡುತ್ತಾನೆ. ‘ಅಕ್ಷರ’ ಹುಟ್ಟುವುದು ಕಂಪ್ಯೂಟರಿನೊಳಗೆ ಹೋದ ಮೇಲೆಯೇ. ಅದೇ 33ನ್ನು ಇನ್‌ಸ್ಕ್ರಿಪ್ಟ್ ವಿನ್ಯಾಸ ಇಟ್ಟುಕೊಂಡವರು ಒತ್ತಿದರೆ ಮೂಡುವುದು ಗುಡಿಸು. 37 ಮಾತ್ರ ಎರಡರಲ್ಲೂ ‘ಕ’. ಕೀಲಿಮಣೆ ತಯಾರಿಸಿದವರು ಕನ್ನಡದ ಹೆಸರನ್ನೇ ಕೇಳಿರದಿದ್ದರೂ ಬಾಧಕವಿಲ್ಲ. ಅವರು ಇಂಗ್ಲಿಷನ್ನೂ ಅದಕ್ಕೆ ಕಲಿಸಿರಲಿಲ್ಲ.

ಇಲ್ಲದ ಕೀಗಳದು ಮಾತ್ರ ನಿಜವಾದ ಕಿರಿಕಿರಿ. 83 ಕೀಗಳ ಮಣೆಯಲ್ಲಿ ವಿಂಡೋಸ್ ಕೀ ಇಲ್ಲ, ಬಾಣದ ಗುರುತುಗಳಿಗೆ ಬೇರೆ ಕೀಗಳಿಲ್ಲ, ಎಫ್11, ಎಫ್12 ಇಲ್ಲ. ದುಭಾಷಿಗೆ ಹೇಳಿಕೊಟ್ಟರೆ ಯಾವುದೋ ಒಂದು ಕೀಯನ್ನು ಬೇರೆಯದರ ಬದಲಿಗೆ ಕೂರಿಸಬಹುದು, ಅಥವಾ ಎರಡು ಕೀ ಜೊತೆಗೆ ಒತ್ತಿದರೆ ಮೂರನೆಯದರ ಕೆಲಸ ಮಾಡಿಸಬಹುದು. ಹೆಚ್ಚಿನವರು ಬಲಿ ಕೊಡುವುದು ಕ್ಯಾಪ್ಸ್ ಲಾಕನ್ನು. ಕನ್ನಡ ಬರೆಯುವವರಿಗೆ ಅದರ ಉಪಯೋಗ ಹೇಗೂ ಕಡಿಮೆ.

ನಲವತ್ತು ವರ್ಷಗಳ ಮೇಲೂ ಇದೆಲ್ಲ ಸಾಧ್ಯವಾದದ್ದು ಒಂದು ಪುಸ್ತಕದಿಂದ. ಐಬಿಎಂ ತನ್ನ ಪಿಸಿಗಾಗಿ ಪ್ರಕಟಿಸಿದ ತಾಂತ್ರಿಕ ಕೈಪಿಡಿಯಲ್ಲಿ ಈ ಸಂಖ್ಯೆಗಳ ಕೋಷ್ಟಕವನ್ನೂ ವಿದ್ಯುತ್ ನಕ್ಷೆಗಳನ್ನೂ ಬಿಚ್ಚಿ ಕೊಟ್ಟಿತ್ತು. ಹಾಗೆ ಪ್ರಕಟವಾಗದ ಯಂತ್ರಗಳ ಕೀಲಿಮಣೆ ಸಿಕ್ಕಾಗ ಒಂದೊಂದೇ ಕೀ ಒತ್ತಿ, ತಂತಿಯಲ್ಲಿ ಏನು ಹೋಯಿತೆಂದು ಅಳೆದು ನೋಡಿ, ಕೋಷ್ಟಕವನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಕೆಲವರು ತಿಂಗಳುಗಟ್ಟಲೆ ಕೂತು ಅದನ್ನು ಮಾಡಿದ್ದಾರೆ.

ನಿಮ್ಮ ಅಟ್ಟದ ಮೇಲೆ ಅಂಥದೊಂದು ಇದ್ದರೆ ಮೊದಲು ಪ್ಲಗ್ಗು ನೋಡಿ: ಐದು ಕಡ್ಡಿಯೋ, ಆರೋ. ಐದಿದ್ದರೆ ಬೆನ್ನಿನ ಸ್ವಿಚ್ಚು ಹುಡುಕಿ. ಪಿಎಸ್/2 ಸಾಕೆಟ್ಟು ಇರುವ ಕಂಪ್ಯೂಟರು ಚಾಲೂ ಇರುವಾಗ ಪ್ಲಗ್ಗನ್ನು ಹಾಕುವುದು, ಕೀಳುವುದು ಬೇಡ, ಮದರ್‌ಬೋರ್ಡಿನ ಫ್ಯೂಸು ಹೋದೀತು. ದುಭಾಷಿಯ ಡಬ್ಬಿ ತಯಾರಾದ ಮೇಲೆ, ಯಾವ ಕೀಯನ್ನು ಯಾವುದಕ್ಕೆ ಬದಲಿಸಿದ್ದೀರಿ ಎಂಬ ಪಟ್ಟಿಯನ್ನು ಕಾಗದದಲ್ಲಿ ಬರೆದು ಕೀಲಿಮಣೆಯ ಬೆನ್ನಿಗೆ ಅಂಟಿಸಿಡಿ. ಮುಂದೆ ಅದನ್ನು ಬಿಚ್ಚುವವರಿಗೆ ಅದು ಬೇಕಾಗುತ್ತದೆ.