ಇಡೀ ಗ್ರಿಡ್ ಕುಸಿಯೋದನ್ನ ಮೊದಲೇ ಹೇಳಬಹುದಾ?

ದೆಹಲಿ ಕನ್ನಡಿಗರಿಗೆ 2012ರ ಜುಲೈ 30 ಮತ್ತು 31 ನೆನಪಿರಬೇಕು. ಮೊದಲ ದಿನ ನಸುಕಿನ ಎರಡೂವರೆಗೆ ಉತ್ತರದ ಗ್ರಿಡ್ ಕುಸಿಯಿತು. ಹಾಗೂ ಹೀಗೂ ಸರಿಮಾಡಿದ್ರು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಹೋದವು. 60 ಕೋಟಿಗೂ ಹೆಚ್ಚು ಜನ ಇರೋ ಪ್ರದೇಶ ಅದು. ಮೆಟ್ರೋ, ರೈಲು ನಿಂತಲ್ಲೇ ನಿಂತವು.

ಇಷ್ಟು ದೊಡ್ಡ ಅನಾಹುತಕ್ಕೆ ಕಾರಣವೂ ದೊಡ್ಡದೇ ಇರಬೇಕು ಅನ್ಸುತ್ತೆ, ಅಲ್ವಾ? ಹಾಗೇನಿಲ್ಲ. ಕೆಲವು ಲೈನ್‌ಗಳು ಮೊದಲೇ ಬಂದ್ ಆಗಿದ್ದವು. ಉಳಿದವುಗಳ ಮೇಲೆ ವಿಪರೀತ ಹೊರೆ. 30ರಂದು ಬೀನಾ–ಗ್ವಾಲಿಯರ್ 400 ಕಿಲೋವೋಲ್ಟ್ ಲೈನ್‌ನಲ್ಲಿ ಕರೆಂಟ್ ಜಾಸ್ತಿ, ವೋಲ್ಟೇಜ್ ಕಡಿಮೆ. ಕಾವಲಿಗಿದ್ದ ರಿಲೇ ಅದನ್ನ ದೂರದ ಶಾರ್ಟ್ ಸರ್ಕ್ಯೂಟ್ ಅಂದ್ಕೊಂಡು ಲೈನ್ ಕಡಿದುಹಾಕಿತು. ಆ ಹೊರೆ ಪಕ್ಕದ ಲೈನ್‌ಗಳ ಮೇಲೆ ಬಿತ್ತು, ಅವೂ ಒಂದರ ಹಿಂದೆ ಒಂದು ಹೋದವು.

ಮನುಷ್ಯರ ಎತ್ತರಕ್ಕೊಂದು ಮಿತಿ ಇದೆ, ಹತ್ತಡಿ ಮನುಷ್ಯ ಸಿಗಲ್ಲ. ಬ್ಲ್ಯಾಕ್‌ಔಟ್‌ಗಳು ಹಾಗಲ್ಲ. ದೊಡ್ಡವು ಅಪರೂಪ ನಿಜ, ಆದರೆ ನಾವು ಅಂದಾಜು ಮಾಡೋವಷ್ಟು ಅಪರೂಪ ಅಲ್ಲ. ಸರಾಸರಿ ನೋಡಿಕೊಂಡು ಕೂತ್ರೆ ಮೋಸ ಹೋಗ್ತೀವಿ.

ಹಾಗಾದ್ರೆ ಮುನ್ಸೂಚನೆ? ಯಾವ ದಿನ, ಯಾವ ಲೈನ್ ಅಂತ ಹೇಳೋಕಾಗಲ್ಲ. ಅಂಚಿಗೆ ಎಷ್ಟು ಹತ್ತಿರ ಇದ್ದೀವಿ ಅಂತ ಹೇಳಬಹುದು. ಒಂದು ಸಣ್ಣ ಏಟು ಬಿದ್ದಮೇಲೆ ವ್ಯವಸ್ಥೆ ಚೇತರಿಸಿಕೊಳ್ಳೋಕೆ ಮೊದಲಿಗಿಂತ ಹೆಚ್ಚು ಹೊತ್ತು ತಗೊಳ್ತಿದ್ರೆ ಅದು ಎಚ್ಚರಿಕೆ. ಈಗಿನ ಮಾಪಕಗಳು ಸೆಕೆಂಡಿಗೆ ಹತ್ತಾರು ಸಲ ಇದನ್ನ ಅಳೀತವೆ.

ತಡೆಯೋದು ಹೇಗೆ? ದೊಡ್ಡದನ್ನ ಉಳಿಸೋಕೆ ಚಿಕ್ಕದನ್ನ ಬಿಡಬೇಕು. 50 ಹರ್ಟ್ಸ್‌ಗಿಂತ ಫ್ರೀಕ್ವೆನ್ಸಿ ತೀರಾ ಇಳಿದ್ರೆ ರಿಲೇಗಳು ಒಂದಷ್ಟು ಬಡಾವಣೆಗಳ ಕರೆಂಟ್ ತಾವೇ ಕಡಿಯಬೇಕು. 2012ರಲ್ಲಿ ಇವು ಸಾಕಷ್ಟು ಕೆಲಸ ಮಾಡಲಿಲ್ಲ ಅಂತ ತನಿಖಾ ಸಮಿತಿಯೇ ಹೇಳಿತು. ಇನ್ನೊಂದು ದಾರಿ, ಹೊರಗಿನ ಗ್ರಿಡ್ ಬಿದ್ದಾಗ ನಗರ ದ್ವೀಪದ ಹಾಗೆ ಬೇರ್ಪಟ್ಟು ಉಳ್ಕೊಳ್ಳೋದು. ಮುಂಬೈಗೆ ಆ ಏರ್ಪಾಡಿದೆ, ಆದರೆ 2020ರ ಅಕ್ಟೋಬರ್ 12ರಂದು ಅದೂ ಕೈಕೊಟ್ಟಿತು.

2012ರಲ್ಲಿ ದಕ್ಷಿಣ ಯಾಕೆ ಉಳೀತು? ಆಗಿನ್ನೂ ನಮ್ಮ ಗ್ರಿಡ್ ಉಳಿದವುಗಳ ಜತೆ ಒಂದೇ ತಾಳದಲ್ಲಿ ಓಡ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಬಂತು, ದೇಶ ಒಂದೇ ಗ್ರಿಡ್ ಆಯ್ತು. ಕಷ್ಟದಲ್ಲಿ ಒಬ್ಬರಿಗೊಬ್ಬರು ಆಸರೆ, ಆದರೆ ಬಿದ್ದರೆ ಎಲ್ಲರೂ ಬೀಳಬಹುದು.

ಅದಕ್ಕೇ ಇದು ಬರೀ ಗಣಿತದ ಪ್ರಶ್ನೆ ಅಲ್ಲ. ಎಲ್ಲರೂ ಉಳೀಬೇಕಾದ್ರೆ ಯಾರ ಮನೆ ದೀಪ ಮೊದಲು ಆರಬೇಕು? ಕತ್ತಲಾಗೋ ಮುಂಚೆಯೇ ಇದನ್ನ ತೀರ್ಮಾನಿಸಿರಬೇಕು.