ಸಬ್ಸಿಡಿ ಭಿಕ್ಷೆಯಲ್ಲ, ಕೈಗೆ ಬರೋ ನಗದೂ ಅಲ್ಲ

(ಕೊಳಗೇರಿ ಮಂಡಳಿ ಮನೆಗಳ ನಿವಾಸಿಗಳು ಮತ್ತು ಮಾಜಿ ಸೈನಿಕರ ಸಭೆಯಲ್ಲಿ ಆಡಿದ ಮಾತು)



ಈ ಚಪ್ಪರದ ಕೆಳಗೆ ಇವತ್ತು ಎರಡು ಥರದ ಜನ ಕೂತಿದ್ದೀವಿ. ಕೊಳಗೇರಿ ಮಂಡಳಿ ಕಟ್ಟಿಸಿದ ಒಂದು ಕೋಣೆ ಮನೆಗಳಲ್ಲಿ ಬದುಕೋರು ಒಂದು ಕಡೆ. ಹದಿನೈದಿಪ್ಪತ್ತು ವರ್ಷ ಸೈನ್ಯದಲ್ಲಿ ದುಡಿದು, ಟ್ರಂಕು ಹೊತ್ತು ಅದೇ ಕೇರಿಗೆ ವಾಪಸ್ ಬಂದೋರು ಇನ್ನೊಂದು ಕಡೆ. ಅಪ್ಪ ಮಿಲಿಟರಿ, ಮಗಳು ಟೈಲರಿಂಗು, ಇಬ್ಬರೂ ಒಂದೇ ಸೂರಿನಡಿ ಇರುವುದೂ ಉಂಟು. ಎಲ್ಲರೂ ನಮ್ಮನ್ನು ಕೇಳ್ತಿರೋದು ಒಂದೇ ಮಾತು: ಒಂದು ಸಣ್ಣ ಅಂಗಡಿ, ಒಂದು ವೆಲ್ಡಿಂಗ್ ಶೆಡ್ಡು ಹಾಕೋಕೆ ಸರ್ಕಾರದ ದುಡ್ಡು ಪಡೆಯೋದು ಹೇಗೆ?

ಮೊದಲು ಒಂದು ಹಳೆಯ ವಿಚಾರ. ಬಾಬಾಸಾಹೇಬರ ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರರು. ಅಂಥ ಮನೆತನಗಳ ಮಹಾರ್ ಜನರನ್ನು 1890ರ ದಶಕದಲ್ಲಿ ಬ್ರಿಟಿಷರು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಯೋಧ ಜಾತಿ ಅಲ್ಲವಂತೆ! ಮತ್ತೆ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದ್ದು 1941ರಲ್ಲಿ, ನಮ್ಮ ಬೆಳಗಾವಿಯಲ್ಲೇ. ಬೇಕಾದಾಗ ಕರೆಯುವುದು, ಬೇಡವಾದಾಗ ಬಾಗಿಲು ಹಾಕುವುದು. ಬ್ಯಾಂಕಿನ ಬಾಗಿಲ ಮುಂದೆ ನಿಂತಾಗ ನಮಗೆ ಇದು ನೆನಪಿರಬೇಕು.

ನಮ್ಮ ಕೇರಿಯ ಒಬ್ಬರ ಕಥೆ ಹೇಳ್ತೀವಿ. ಹೆಸರು ಬೇಡ. ಸೈನ್ಯದಲ್ಲಿ ಗಾಡಿ ರಿಪೇರಿ ಕಲಿತವರು. ಐದು ಲಕ್ಷದ ವೆಲ್ಡಿಂಗ್ ಶೆಡ್ಡಿಗೆ ಅರ್ಜಿ ಹಿಡಿದು ಹೋದರು. ಮ್ಯಾನೇಜರು ವಿಳಾಸ ಓದೋವರೆಗೆ ಎಲ್ಲಾ ಚೆನ್ನಾಗಿತ್ತು. ವಿಳಾಸ ಓದಿದ ಮೇಲೆ, "ಆ ಏರಿಯಾದಲ್ಲಿ ರಿಕವರಿ ಆಗಲ್ಲ" ಅಂದರು. ಆಮೇಲೆ ಮನೆ ಪತ್ರ ಕೇಳಿದರು. ನಮ್ಮ ಎಷ್ಟೋ ಮನೆಗಳಿಗೆ ಹಕ್ಕುಪತ್ರವೇ ಕೈಗೆ ಬಂದಿಲ್ಲ, ಅಡ ಇಡೋದು ಎಲ್ಲಿಂದ? ನಾಲ್ಕು ತಿಂಗಳು ಅಲೆದರು. ಅರ್ಜಿ ಕೊಟ್ಟಿದ್ದಕ್ಕೆ ಒಂದು ಮೊಹರೂ ಇರಲಿಲ್ಲ. "ಗಡಿಯಲ್ಲಿ ನಿಂತಾಗ ಯಾರೂ ನನ್ನ ಮನೆ ಪತ್ರ ಕೇಳಲಿಲ್ಲ" ಅಂತ ನಮ್ಮ ಮುಂದೆ ಕೂತು ಅಂದರು.

ಐದು ಜನ ಜೊತೆಗೆ ಹೋದೆವು. ಗಲಾಟೆ ಮಾಡೋಕಲ್ಲ. ಒಂದು ಕಾಗದ ಇಟ್ಟುಕೊಂಡು ಹೋದೆವು. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕು 2010ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆ ಸುತ್ತೋಲೆಯ ಪ್ರತಿ ಮೇಜಿನ ಮೇಲಿಟ್ಟೆವು. ಕೊಡಲ್ಲ ಅನ್ನೋದಾದರೆ ಕಾರಣ ಬರೆದು ಕೊಡಿ, ಇಲ್ಲವಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಕೇಳ್ತೀವಿ, 30 ದಿನದಲ್ಲಿ ನೀವು ಉತ್ತರ ಕೊಡಬೇಕಾಗುತ್ತೆ ಅಂದೆವು. ಅವತ್ತು ಮೊಹರು ಬಿತ್ತು. ಕೆಲವು ವಾರಕ್ಕೆ ಸಾಲವೂ ಮಂಜೂರಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇವತ್ತು ಈ ಸಭೆ ಕರೀತಾ ಇರಲಿಲ್ಲ.

ಆ ಅರ್ಜಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ್ದು, ಪಿ.ಎಂ.ಇ.ಜಿ.ಪಿ. ಅಂತಾರಲ್ಲ ಅದು. 2008ರಲ್ಲಿ ಶುರುವಾದದ್ದು. ಇದರ ನಿಯಮದಲ್ಲಿ ಪರಿಶಿಷ್ಟರು, ಹೆಂಗಸರು, ಮಾಜಿ ಸೈನಿಕರು ಎಲ್ಲಾ ಒಂದೇ ವಿಶೇಷ ವರ್ಗ. ನಮ್ಮ ಕೈಯಿಂದ ಹಾಕಬೇಕಾದ್ದು ನೂರಕ್ಕೆ 5. ಸಬ್ಸಿಡಿ ಪಟ್ಟಣದಲ್ಲಿ ನೂರಕ್ಕೆ 25, ಹಳ್ಳಿಯಲ್ಲಿ 35. ಉಳಿದವರಿಗೆ ಇದು 15 ಮತ್ತು 25, ಕೈದುಡ್ಡು 10. ಲೆಕ್ಕ ಹಾಕಿ ನೋಡಿ. ಐದು ಲಕ್ಷದ ಶೆಡ್ಡಿಗೆ ಪಟ್ಟಣದಲ್ಲಿ ನಾವು 25,000 ಹಾಕಬೇಕು, ಬ್ಯಾಂಕು 4,75,000 ಸಾಲ ಕೊಡುತ್ತೆ, ಸರ್ಕಾರದ ಸಬ್ಸಿಡಿ 1,25,000.

ಈ 1,25,000 ಎಲ್ಲಿರುತ್ತೆ? ದಲ್ಲಾಳಿಯ ಕರಪತ್ರದಲ್ಲಿ "ಫ್ರೀ" ಅಂತ ಇರುತ್ತೆ. ನಿಜವಾಗಿ ಅದು ಬ್ಯಾಂಕಿನಲ್ಲಿ ನಮ್ಮ ಸಾಲದ ಹೆಸರಿಗೆ ಮೂರು ವರ್ಷ ಠೇವಣಿಯಾಗಿ ಕೂತಿರುತ್ತೆ. ಅದಕ್ಕೆ ಬಡ್ಡಿ ಬರಲ್ಲ, ಸಾಲದಲ್ಲಿ ಅಷ್ಟು ಭಾಗಕ್ಕೆ ಬ್ಯಾಂಕು ಬಡ್ಡಿ ಹಾಕುವಂತೆಯೂ ಇಲ್ಲ. ಮೂರು ವರ್ಷ ಕಳೆದು, ಅಂಗಡಿ ನಡೀತಿದೆಯಾ ಅಂತ ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತೆ. ನಡುವೆ ಬಾಗಿಲು ಹಾಕಿದರೆ ದುಡ್ಡು ಸರ್ಕಾರಕ್ಕೆ ವಾಪಸ್, ಪೂರಾ ಸಾಲ ನಮ್ಮ ತಲೆಗೆ.

ನಮ್ಮ ಮಾಜಿ ಸೈನಿಕರು ಆ ಸಬ್ಸಿಡಿ ಕೈಗೆ ಬರುತ್ತೆ ಅಂತ ನಂಬಿ ಮಗಳ ಮದುವೆಗೆ ಕೈಸಾಲ ಮಾಡಿದ್ದರು. ದುಡ್ಡು ಬರಲಿಲ್ಲ. ಕೈಸಾಲ ತೀರಿಸೋಕೆ ವೆಲ್ಡಿಂಗ್ ಮಿಷನ್ನೇ ಮಾರಬೇಕಾಯಿತು. ತಪ್ಪು ಅವರೊಬ್ಬರದ್ದಲ್ಲ. ಬ್ಯಾಂಕಿಗೆ ಜೊತೆಗೆ ಹೋದ ನಾವು ಐದು ಜನರಲ್ಲಿ ಒಬ್ಬರೂ ಈ ಮಾತು ಅವರಿಗೆ ಹೇಳಿರಲಿಲ್ಲ. ಸುತ್ತೋಲೆ ಓದಿದ್ದೆವು, ಯೋಜನೆಯ ನಿಯಮ ಪೂರ್ತಿ ಓದಿರಲಿಲ್ಲ.

ಆಮೇಲೆ ಓದಿದೆವು. ಗಂಡ ಹೆಂಡತಿ ಸೇರಿ ಒಬ್ಬರಿಗೇ ಈ ಸಬ್ಸಿಡಿ. ಹೊಸದಾಗಿ ಶುರುಮಾಡುವ ಕಸುಬಿಗೆ ಮಾತ್ರ; ಈಗಾಗಲೇ ನಡೀತಿರೋ ಅಂಗಡಿಗೆ ಇಲ್ಲ. ಬೇರೆ ಸರ್ಕಾರಿ ಸಬ್ಸಿಡಿ ತಗೊಂಡವರಿಗೂ ಇಲ್ಲ. ನಿಷೇಧದ ಪಟ್ಟಿಯೊಂದಿದೆ, ಅದನ್ನು ಓದಿ ನಮಗೆ ನಗು ಬಂತು, ಸಿಟ್ಟೂ ಬಂತು. ಕಡಿದ ಮಾಂಸದ ವ್ಯಾಪಾರಕ್ಕೆ ದುಡ್ಡಿಲ್ಲ! ಹೋಟೆಲಿನಲ್ಲಿ ಮಾಂಸದೂಟ ಬಡಿಸಬಹುದು, ಮಾಂಸ ಕಡಿಯುವ ಅಂಗಡಿ ಇಡಬಾರದು. ಯಾವ ಅಡಿಗೆಮನೆಯಲ್ಲಿ ಕೂತು ಬರೆದ ನಿಯಮವಪ್ಪಾ ಇದು? ಕಸುಬು ಗೊತ್ತಿರೋ ಜಾಗದಲ್ಲಿ ಕೈ ಕಟ್ಟಿ, ಗೊತ್ತಿಲ್ಲದ ಕಸುಬಿಗೆ ತಳ್ಳಿದರೆ ಮೂರು ವರ್ಷ ಅಂಗಡಿ ನಿಲ್ಲುತ್ತಾ?

ಇನ್ನು ಅರ್ಜಿಯ ಜೊತೆ ಇಡೋ ಪ್ರಾಜೆಕ್ಟ್ ರಿಪೋರ್ಟು. ದಲ್ಲಾಳಿ ಎಲ್ಲರಿಗೂ ಒಂದೇ ರಿಪೋರ್ಟು ಮಾಡಿ ಹೆಸರು ಬದಲಾಯಿಸಿ ಕೊಡ್ತಾನೆ. ಅದರಲ್ಲಿ ಗಿರಾಕಿ ಯಾರು ಅನ್ನೋ ಕಡೆ "ಸುತ್ತಮುತ್ತಲ ಸಾರ್ವಜನಿಕರು" ಅಂತ ಇರುತ್ತೆ. ಆ ಸಾರ್ವಜನಿಕರು ನಮ್ಮ ಕೈಯ ಇಡ್ಲಿ ತಿಂತಾರಾ ಅಂತ ಯಾವ ರಿಪೋರ್ಟೂ ಕೇಳಲ್ಲ. ಬಾಬಾಸಾಹೇಬರು ಬರೋಡಾದ ಕೆಲಸ ಬಿಟ್ಟು ಮುಂಬಯಿಗೆ ಬಂದ ಮೇಲೆ ಷೇರು ವ್ಯಾಪಾರದವರಿಗೆ ಸಲಹೆ ಕೊಡುವ ಒಂದು ಸಂಸ್ಥೆ ತೆರೆದಿದ್ದರು. ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿ ಬಂದವರು. ನಡೆಸುವವನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರಲಿಲ್ಲ, ಮುಚ್ಚಿತು. ಅಂಥವರಿಗೇ ಹಾಗಾದ ಮೇಲೆ, ಗಿರಾಕಿ ಯಾರು ಅನ್ನೋದನ್ನು ನಾವು ಸಾಲಕ್ಕೆ ಮುಂಚೆ ಬೀದಿ ಬೀದಿ ತಿರುಗಿ ಲೆಕ್ಕ ಹಾಕಬೇಕು. ಟೈಲರಿಂಗ್ ಅಂದರೆ ಯಾವ ಶಾಲೆಯ ಸಮವಸ್ತ್ರ, ವೆಲ್ಡಿಂಗ್ ಅಂದರೆ ಯಾವ ಮೇಸ್ತ್ರಿಯ ಕಿಟಕಿ, ಹೆಸರು ಹಿಡಿದು ಬರೀಬೇಕು.

ದಲ್ಲಾಳಿಗೆ ಒಂದು ಪೈಸೆ ಕೊಡಬೇಡಿ. ಉದ್ಯಮ್ ನೋಂದಣಿ ಸರ್ಕಾರದ ತಾಣದಲ್ಲಿ ಪುಕ್ಕಟೆ. ಉದ್ಯೋಗ ಸೃಜನ ಕಾರ್ಯಕ್ರಮವನ್ನು 2022ರಲ್ಲಿ 2025-26ರವರೆಗೆ ಅಂತ ಮುಂದುವರಿಸಿದ್ದರು. ಅರ್ಜಿ ಹಾಕುವ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಈಗಿನ ನಿಯಮ ಕೇಳಿಕೊಂಡು ಬನ್ನಿ. ಪರಿಶಿಷ್ಟರಿಗೆ, ಹೆಂಗಸರಿಗೆ ಅಂತ 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾದ ಅವಧಿ 2025ರ ಮಾರ್ಚಿಗೇ ಮುಗಿಯಿತು. ಅದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ನಮಗೆ ತಿಳಿಸಿ. ತಳ್ಳುಗಾಡಿ, ಬುಟ್ಟಿ ವ್ಯಾಪಾರದವರು ಸ್ವನಿಧಿ ಸಾಲ ಕೇಳಿ. 2025ರಲ್ಲಿ ತಿದ್ದಿದ ಮೇಲೆ ಮೊದಲ ಕಂತು 15,000, ಅದನ್ನು ತೀರಿಸಿದರೆ 25,000, ಆಮೇಲೆ 50,000. ಇದಕ್ಕೆ ನಗರಸಭೆಯ ಬೀದಿ ವ್ಯಾಪಾರಿ ಗುರುತಿನ ಪತ್ರವೋ ಶಿಫಾರಸು ಪತ್ರವೋ ಬೇಕು. ನಮ್ಮ ಅಭಿವೃದ್ಧಿ ನಿಗಮಗಳ ಸಾಲದ ಪಟ್ಟಿ ಶಾಸಕರ ಸಮಿತಿ ಮಾಡೋದು. ಅದರ ಕಥೆ ನಿಮಗೇ ಗೊತ್ತು, ಇನ್ನೊಂದು ಸಭೆಗೆ ಇರಲಿ.

ಬರುವ ಭಾನುವಾರ ಬೆಳಿಗ್ಗೆ ಇದೇ ಚಪ್ಪರದಲ್ಲಿ ಒಂದು ಮೇಜು ಹಾಕಿ ಕೂತಿರ್ತೀವಿ. ಓದು ಬಲ್ಲ ಹುಡುಗ ಹುಡುಗಿಯರು ಅರ್ಜಿ ತುಂಬಿಕೊಡ್ತಾರೆ. ಜಾತಿ ಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ಮಂಡಳಿ ಕೊಟ್ಟ ಯಾವ ಚೀಟಿ ಇದ್ದರೂ ತನ್ನಿ. ಸೈನ್ಯದಿಂದ ಬಂದೋರು ಡಿಸ್ಚಾರ್ಜ್ ಪುಸ್ತಕ ತನ್ನಿ. ಜೆರಾಕ್ಸು ಮಾಡಿಸಿಕೊಂಡೇ ಬನ್ನಿ. ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ ಕೊಡಬೇಡಿ.